ಶುಕ್ರವಾರ ಸಂಜೆಯ ಮಗ

ನನಗೆ ಮರೆವು ಹಿಡಿದಿದೆ ಎಂದು ಹಲ್ಲು ಕಿರಿಯುವವರು ಈ ವಾಯ್ಸ್ ನೋಟನ್ನು ಇಲ್ಲೇ ನಿಲ್ಲಿಸಿ ನಿಮ್ಮ ಕೆಲಸ ನೋಡಿಕೊಳ್ಳಿ. ನಿನ್ನೆ ಏನು ತಿಂದೆ ಎಂಬುದು ನೆನಪಿಲ್ಲ, ಒಪ್ಪಿದೆ. ಆದರೆ ಹೋದ ವರ್ಷದ ಆ ಮಧ್ಯಾಹ್ನ ನಮ್ಮ ಶಾಲೆಯ ಹೆಡ್ಮಾಸ್ಟರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಳಗೆ ಭೂಗೋಳದ ಮೇಷ್ಟ್ರು ಮೇಜು ಹತ್ತಿ ನಿಂತು, ದನಿ ಬದಲಿಸಿ, ಅದೇ ಹೆಡ್ಮಾಸ್ಟರಾಗಿದ್ದರು.

ಈ ಮೇಷ್ಟ್ರಿಗೆ ಪಾಠಕ್ಕಿಂತ ಜನರ ಮೇಲೇ ಕಣ್ಣು ಜಾಸ್ತಿ. ಕುರ್ಚಿಯನ್ನು ಒರೆಸಿ ಒರೆಸಿ ಕೊನೆಗೆ ನಿಂತೇ ಕೆಲಸ ಮಾಡುವ ಗುಮಾಸ್ತ, ತನ್ನ ಡಬ್ಬಿ ತೆರೆಯುವ ಮೊದಲು ಪಕ್ಕದವರ ಡಬ್ಬಿ ನೋಡಿ ನಿಟ್ಟುಸಿರು ಬಿಡುವ ಲೆಕ್ಕದ ಟೀಚರ್, ತಾನೇ ಬಾರಿಸಿದ ಗಂಟೆಗೆ ತಾನೇ ಬೆಚ್ಚಿಬೀಳುವ ಜವಾನ, ಎಲ್ಲರೂ ಅವರ ಗಂಟಲಲ್ಲಿ ಬಾಡಿಗೆಗಿದ್ದರು. ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದವರು ಹೆಡ್ಮಾಸ್ಟರು. ಎರಡು ಕೆಮ್ಮು, ಒಂದು "ಅಂದ್ರೆ ಏನಪ್ಪಾ ಅಂದ್ರೆ", ಕೊನೆಗೆ ಮೂಗಿನಿಂದ "ತಿಳೀತಾ?" ಹೊರಗೆ ಕೂತ ಜವಾನ ಆ ದನಿಗೆ ಎದ್ದು ನಿಂತುಬಿಡುತ್ತಿದ್ದ.

ಅವತ್ತು ನಗು ಒಮ್ಮೆಗೇ ಸತ್ತಿತು. ಹೆಡ್ಮಾಸ್ಟರು ಬೈಯಲಿಲ್ಲ. ಬಾಯಿಗೆ ಕರ್ಚೀಫು ಒತ್ತಿಕೊಂಡು ಹೊರಟುಹೋದರು.

"ಮುಗೀತು ನಿಮ್ಮ ಕಥೆ," ಎಂದರು ಲೆಕ್ಕದ ಟೀಚರ್, ಬಹಳ ಸಂತೋಷದಿಂದ. "ಇಳೀರಿ ಕೆಳಗೆ. ಇವತ್ತು ಮೇಜು, ನಾಳೆ ಕೆಲಸ."

ಮೇಷ್ಟ್ರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮನೆಯಲ್ಲಿ ಕೈಗೂಸು ಬೇರೆ. ಹೋಗಿ ಕಾಲಿಗೆ ಬೀಳೋಣವೆಂದರೆ ಮರುದಿನ ಹೆಡ್ಮಾಸ್ಟರು ಬರಲಿಲ್ಲ. ಅದರ ಮರುದಿನವೂ ಅವರ ಕೋಣೆಗೆ ಬೀಗ. ಶುಕ್ರವಾರ ಸಂಜೆ ಅವರ ಹೆಂಡತಿ ಹೇಳಿಕಳಿಸಿದರು.

ಬಾಗಿಲು ತೆರೆದ ಆಕೆಯ ಕಣ್ಣು ಕೆಂಪಗಿತ್ತು. ತಲೆ ಬಾಚಿರಲಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು. ಮನೆ ತುಂಬ ಔಷಧಿಯ ವಾಸನೆ.

"ತಪ್ಪಾಯ್ತಮ್ಮಾ. ಏನೋ ತಮಾಷೆಗೆ ಅಂತ..."

"ನೀವು ಇವರ ಥರಾನೇ ಮಾತಾಡ್ತೀರಂತೆ."

"ಇನ್ನು ಜನ್ಮದಲ್ಲಿ ಮಾಡಲ್ಲ."

"ಮಾಡಬೇಕು," ಎಂದರು ಆಕೆ. "ನಮ್ಮತ್ತೆ ದೂರದಲ್ಲಿ ಮಗಳ ಮನೇಲಿದ್ದಾರೆ. ಶುಕ್ರವಾರ ಮಗನ ದನಿ ಕೇಳದಿದ್ರೆ ಊಟ ಮುಟ್ಟಲ್ಲ. ಇವರು ಮಾತಾಡೋ ಸ್ಥಿತೀಲಿ ಇಲ್ಲ. ವಿಷಯ ಗೊತ್ತಾದ್ರೆ ಆಯಮ್ಮ ಎದೆ ಹಿಡ್ಕೊಂಡು ಕೂತ್ಬಿಡ್ತಾರೆ." ಮೂಗು ಒರೆಸಿಕೊಂಡರು. "ನಿಮ್ಮ ಕೆಲಸದ ಚಿಂತೆ ನನಗೆ ಬಿಡಿ."

ಮೇಷ್ಟ್ರು ಫೋನ್ ಹಿಡಿದರು. ದನಿ ನಡುಗಲಿಲ್ಲ. ಎರಡು ಕೆಮ್ಮು. "ಅಮ್ಮಾ, ನಾನು."

"ಬಂದ್ಯಾ ನನ್ನಪ್ಪಾ," ಎಂದಿತು ಆ ಕಡೆಯ ಮುದಿದನಿ.

ಒಂದು ಶುಕ್ರವಾರ ಎಂದುಕೊಂಡಿದ್ದು ವರ್ಷವಾಯಿತು. ಮೇಷ್ಟ್ರು ಕಲಾವಿದರಲ್ಲವೇ, ಪಾತ್ರವನ್ನು ಇದ್ದ ಹಾಗೇ ಬಿಡಲು ಮನಸ್ಸು ಬರಲಿಲ್ಲ. ಮುದುಕಿಯ ಮಂಡಿನೋವನ್ನು ಪೂರ್ತಿ ಕೇಳಿಸಿಕೊಂಡರು. ಗುಮಾಸ್ತನ ಕುರ್ಚಿಯ ಕಥೆ ಹೇಳಿ ನಗಿಸಿದರು. ಮಗನಿಗೆ ನಿಧಾನವಾಗಿ ಪ್ರೀತಿ ಕಲಿಸಿದರು.

"ಈಗ ನೋಡು ನಿನಗೆ ಬುದ್ಧಿ ಬಂದಿದ್ದು," ಎಂದಳು ತಾಯಿ ಒಂದು ದಿನ. "ಮೊದಲೆಲ್ಲ ಮಾತ್ರೆ ತಗೊಂಡ್ಯಾ, ಇಡ್ಲಾ ಅಂತಿದ್ದೆ. ಈಗ ನಾನೇ ಸಾಕು ಇಡೋ ಅನ್ನಬೇಕು!"

ಸ್ಟಾಫ್ ರೂಮಿನಲ್ಲಿ ಮಾತ್ರ ಆ ದನಿ ಮತ್ತೆ ಕೇಳಲಿಲ್ಲ.

"ಹಳೇದೊಂದು ಆಗ್ಲಿ ಮೇಷ್ಟ್ರೇ," ಎಂದು ಲೆಕ್ಕದ ಟೀಚರ್ ಕೆಣಕಿದರೆ, "ಬೇಡ್ರೀ. ಅದರಲ್ಲಿ ಈಗ ನಗು ಬರಲ್ಲ," ಎಂದು ಮೇಷ್ಟ್ರು ಮುಖ ತಿರುಗಿಸುತ್ತಿದ್ದರು. ಕೆಲಸದ ಮಾತೆತ್ತಿದಾಗಲೆಲ್ಲ ಹೆಡ್ಮಾಸ್ಟರ ಹೆಂಡತಿ "ಮುಂದಿನ ತಿಂಗಳು ಖಂಡಿತ" ಎನ್ನುತ್ತಿದ್ದರು. ಕೈಗೂಸು ನಡೆಯಲು ಕಲಿಯಿತು. ಆ ಮುಂದಿನ ತಿಂಗಳು ಮಾತ್ರ ಬರಲಿಲ್ಲ.

ಹೋದ ಶುಕ್ರವಾರ ಸ್ಪೀಕರಿನಲ್ಲಿ ತಾಯಿಯ ದನಿ ಸಣ್ಣಗಾಗಿತ್ತು.

"ಇನ್ನೊಂದು ಕಣ್ಣೂ ಹೋಗುತ್ತಂತೆ ಕಣೋ. ಡಾಕ್ಟ್ರು ಕೈ ಬಿಟ್ರು. ಭಾನುವಾರ ಬಂದು ಹೋಗು. ಪೂರ್ತಿ ಕತ್ತಲಾಗೋ ಮುಂಚೆ ನಿನ್ನ ಮುಖ ಒಂದ್ಸಲ ನೋಡ್ಕೊಂಡುಬಿಡ್ತೀನಿ. ಆಮೇಲೆ ಫೋನೇ ಸಾಕು, ನಿನ್ನ ಮತ್ತೆ ಪೀಡಿಸಲ್ಲ."

ದನಿ ಕೊಟ್ಟಾಗಿತ್ತು, ಮುಖ ಕೊಡುವುದು ಮೇಷ್ಟ್ರ ಕೈಲಿರಲಿಲ್ಲ. ಹೆಡ್ಮಾಸ್ಟರ ಹೆಂಡತಿ ಮೂರು ಲೋಟ ಕಾಫಿ ತಂದು ಮೇಜಿನ ಮೇಲಿಟ್ಟು, ಬೇಡ ಎಂದು ತಲೆಯಾಡಿಸಿದರು.

"ಲೋ, ಇದೀಯೇನೋ?"

"ಇದೀನಮ್ಮ." ಎರಡು ಕೆಮ್ಮು ಬಂತು, ಈ ಸಲ ತಾನಾಗಿಯೇ ಬಂತು. "ಅಂದ್ರೆ ಏನಪ್ಪಾ ಅಂದ್ರೆ... ಪರೀಕ್ಷೆ ಹತ್ರ ಬಂತು. ಆಗಲ್ಲಮ್ಮ."



"ಆಗ್ಲಿ ಬಿಡು," ಎಂದಳು ತಾಯಿ. "ಆಗೋ ಹಾಗಿದ್ರೆ ನೀನು ಬರದೇ ಇರ್ತಿದ್ಯಾ?"

ಮೇಷ್ಟ್ರು ಫೋನ್ ಇಟ್ಟು ತಲೆ ತಗ್ಗಿಸಿ ಕೂತರು.

"ಭೇಷ್!" ಎಂದರು ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕಾಫಿ ಹೀರುತ್ತಿದ್ದ ಹೆಡ್ಮಾಸ್ಟರು. "ಹೋದ ವರ್ಷ ಆ ಜ್ವರದಲ್ಲಿ ನನ್ನ ಗಂಟಲು ಕಟ್ಟಿದ್ದೇ ಒಳ್ಳೇದಾಯ್ತು ಕಣ್ರೀ, ವಾರವಾರದ ತಲೆನೋವು ತಪ್ತು. ಭಾನುವಾರ ನನಗೇನೂ ಕೆಲಸ ಇಲ್ಲ, ಚೆಸ್ ಆಡೋಕೆ ಬನ್ನಿ."

ಕೇಳಿದವರು ಇದನ್ನು ನಾಲ್ಕು ಜನಕ್ಕೆ ಕಳಿಸಿ. ಆ ತಾಯಿಗೆ ಮಾತ್ರ ಬೇಡ.