ಕಲ್ಯಾಣ ಭಾಗದ ಕುರ್ಚಿ

ಆರೋಗ್ಯ ಸಲಹಾ ಸಮಿತಿಯಲ್ಲಿ ಈ ಸಲ ಕಲ್ಯಾಣ ಕರ್ನಾಟಕಕ್ಕೂ ಒಂದು ಕುರ್ಚಿ ಸಿಕ್ಕಿತ್ತು. ಅದರಲ್ಲಿ ಕೂತವಳು ಒಬ್ಬ ನಿವೃತ್ತ ನರ್ಸ್.

ಬೆಂಗಳೂರಿನ ಮೊದಲ ಸಭೆಯಲ್ಲೇ ಎದ್ದು ನಿಂತಳು. "ನಮ್ಮ ತಾಲೂಕಿನ್ಯಾಗ ರಕ್ತನಿಧಿ ಇಲ್ರಿ ಸರ. ಹೆರಿಗಿಗೆ ಜಿಲ್ಲಾ ಆಸ್ಪತ್ರಿಗೆ ಒಯ್ಯೂದ್ರಾಗ ಹೆಣ್ಮಕ್ಕಳು ದಾರ್ಯಾಗ ಸಾಯಾಕತ್ಯಾರ. ಹೋದ ವಾರಾನೂ ಒಬ್ಬಾಕಿ ಹೋದಳು."

"ಪ್ರಾದೇಶಿಕ ವಿಷಯಗಳನ್ನು ಕೊನೆಗೆ ತೆಗೆದುಕೊಳ್ಳೋಣ ಮೇಡಂ," ಎಂದರು ಅಧ್ಯಕ್ಷರು. ಅವರ ಕನ್ನಡ ಇಸ್ತ್ರಿ ಮಾಡಿಟ್ಟ ಅಂಗಿಯಂತಿತ್ತು.

ಕೊನೆಗೆ ಬಂದದ್ದು ಬೋಂಡಾ, ಕಾಫಿ. ಅಧಿಕಾರಿಗಳು ಕೈ ಒರೆಸಿಕೊಳ್ಳುತ್ತ ಎದ್ದರು. "ಎಲ್ಲ ಭಾಗದವರೂ ಇದ್ದರು ಅಂತ ನಡಾವಳಿಯಲ್ಲಿ ಬರೆದುಬಿಡಿ," ಎಂದು ಗುಮಾಸ್ತನಿಗೆ ಹೇಳಿ ಕಾರ್ಯದರ್ಶಿಯೂ ಹೊರಟರು.

ಅವಳು ಅಧ್ಯಕ್ಷರಿಗೆ ಅಡ್ಡ ನಿಂತಳು. "ನಮ್ಮ ದಾರಿ ಹೆಂಗದ ಅಂತ ಈ ಕಡಿ ಮಂದಿಗೆ ಏನ್ ಗೊತ್ತರಿ?"

ಅವರು ಬಾಗಿಲತ್ತ ನೋಡುತ್ತ ನಿಂತರು. ಕೊನೆಯವನೂ ಹೊರಗೆ ಹೋದ ಮೇಲೆ ಮೆಲ್ಲಗೆ ಬಾಯಿಬಿಟ್ಟರು:

"ನಮ್ಮವ್ವ ಅದೇ ದಾರ್ಯಾಗ ಸತ್ತಾಕಿ, ತಂಗಿ. ನಿನ್ನ ಕುಂದ್ರಿಸಿದಂಗ ನನ್ನೂ ಬರೇ ಕುಂದ್ರಿಸ್ಯಾರ."