ಇನ್ನೊಂದು ದಿಂಬು

ಒಟ್ಟಿಗೆ ಇರಲು ಶುರು ಮಾಡಿದ್ದು ಯಾವಾಗ ಎಂದು ವೀಸಾ ಅಧಿಕಾರಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದರು. ಡಂಕನ್ ಮಾರ್ಚ್ ಎಂದ. ಸೆಫಿನಾ ಮೇ ಎಂದಳು. ಅಧಿಕಾರಿ ಪೆನ್ನು ಕೆಳಗಿಟ್ಟು, ಸೋಮವಾರ ಪುರಾವೆ ತನ್ನಿ, ಇಲ್ಲದಿದ್ದರೆ ಇದೆಲ್ಲ ನಾಟಕವೆಂದು ಬರೆಯಬೇಕಾಗುತ್ತದೆ ಎಂದರು. ಹಾಗೆ ಬರೆದರೆ ಸೆಫಿನಾ ತನ್ನ ದೇಶ ಸಮೋವಾಕ್ಕೆ ವಾಪಸು ಹೊರಡಬೇಕು.

ಪೊರಿರುವಾ ಊರಿನಲ್ಲಿ ಇಬ್ಬರೂ ಇದ್ದ ಮನೆ ಡಂಕನ್ ಹೆಸರಲ್ಲಿತ್ತು, ಕರೆಂಟ್ ಬಿಲ್ಲೂ ಅವನದೇ. ಮದುವೆ ಇನ್ನೂ ಆಗಿರಲಿಲ್ಲ. ಇದ್ದ ಪುರಾವೆ ಒಂದೇ: ಬಸ್ ಓಡಿಸಿ ಬಂದು ಅವನು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದ ಮನೆಖರ್ಚಿನ ಲೆಕ್ಕ. ಆ ಕಂಪ್ಯೂಟರ್ ಕೆಟ್ಟು ವರ್ಷವಾಗಿತ್ತು. ಫೈಲನ್ನು ಹೇಗೋ ಪೆನ್‌ಡ್ರೈವಿಗೆ ಉಳಿಸಿಕೊಂಡಿದ್ದರು, ಆದರೆ ಹೊಸ ಕಂಪ್ಯೂಟರಿನ ಲೆಕ್ಕದ ತಂತ್ರಾಂಶ ಅದನ್ನು ತೆರೆಯಲು ಸುತರಾಂ ಒಪ್ಪಲಿಲ್ಲ.

ಭಾನುವಾರ ಚರ್ಚಿನಿಂದ ಬಂದು ಊಟ ಮುಗಿದದ್ದೇ ಸೆಫಿನಾ ಕೂತಳು. ಆಸ್ಪತ್ರೆಯ ಉಗ್ರಾಣದಲ್ಲಿ ಔಷಧಿಯ ಪಟ್ಟಿ ಹೊಂದಿಸಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದಳು. ತಂತ್ರಾಂಶದ ಹಂಗಿಲ್ಲದೆ ಇಂಥ ಫೈಲನ್ನು ನೇರವಾಗಿ ಓದುವ ಲೈಬ್ರರಿ ಎಂಬ ಸಿದ್ಧ ಕೋಡಿನ ಕಟ್ಟೊಂದನ್ನು ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ್ದರು. ನಾಲ್ಕು ಸಾಲು ಬರೆದು ಓಡಿಸಿದಳು. ಫೈಲಿಗೆ ಬೀಗ ಬಿದ್ದಿದೆ ಎಂದು ಉತ್ತರ ಬಂತು.

"ಹಳೇ ಕಂಪ್ಯೂಟರ್ ಕೆಟ್ಟಾಗ ಈ ಫೈಲು ತೆರೆದೇ ಇತ್ತು ಕಣೋ. ನೀನಿನ್ನೂ ಬರೀತಾ ಕೂತಿದೀಯ ಅಂದ್ಕೊಂಡು ಬೀಗ ಹಾಕ್ಕೊಂಡಿದೆ."

"ನಾನಿಲ್ಲೇ ಇದೀನಿ, ಹೇಳು ಅದಕ್ಕೆ," ಎಂದ ಡಂಕನ್.

ಬೀಗ ಇದ್ದರೂ ತೆರೆ, ಓದಿದರೆ ಸಾಕು ಎಂದು ಇನ್ನೊಂದು ಸಾಲು ಸೇರಿಸಿದಳು. ತನ್ನ ಹೆಸರಿದ್ದ ಸಾಲುಗಳನ್ನಷ್ಟೇ ಆರಿಸಲು ಹೇಳಿದಳು. ಪರದೆ ತುಂಬಿತು. ಸೆಫಿನಾಗೆ ಕೆಮ್ಮಿನ ಔಷಧಿ. ಸೆಫಿನಾ ಛತ್ರಿ, ಮತ್ತೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಹಳೆಯದು, ಏಪ್ರಿಲ್ ಹದಿನೇಳು: "ಸೆಫಿನಾ ಬಂದಳು. ಇನ್ನೊಂದು ದಿಂಬು, ಇಪ್ಪತ್ತೆರಡು ಡಾಲರ್."

ಅವಳು ತಾರೀಖನ್ನು ಇನ್ನೊಮ್ಮೆ ಓದಿದಳು. ಹಾಗಾದರೆ ಇಬ್ಬರೂ ಹೇಳಿದ್ದು ಸುಳ್ಳಾಯಿತಲ್ಲ!

ಸೋಮವಾರ ಆ ಸಾಲುಗಳನ್ನು ಅಚ್ಚುಹಾಕಿದ ಹಾಳೆಗಳನ್ನೂ, ಜೊತೆಗೆ ಡಂಕನ್‌ನ ಬ್ಯಾಂಕ್ ಖಾತೆಯ ಪಟ್ಟಿಯನ್ನೂ ಮೇಜಿನ ಮೇಲಿಟ್ಟು ಕೈಕಟ್ಟಿ ಕೂತರು. ಅಧಿಕಾರಿ ಎರಡರ ಮೇಲೂ ಬೆರಳಿಟ್ಟು ತಾಳೆ ನೋಡುತ್ತ ಹೋದರು. ದಿಂಬಿನ ದುಡ್ಡು ಬ್ಯಾಂಕಿನಲ್ಲೂ ಅದೇ ದಿನ ಕಡಿತವಾಗಿತ್ತು.

"ಮಾರ್ಚೂ ಅಲ್ಲ, ಮೇನೂ ಅಲ್ಲ," ಎಂದರು. ಆಮೇಲೆ ಕನ್ನಡಕ ತೆಗೆದು ಮೊದಲ ಸಲ ನಕ್ಕರು. "ನಾಟಕ ಆಡೋರು ತಾರೀಖು ಬಾಯಿಪಾಠ ಮಾಡ್ಕೊಂಡು ಬರ್ತಾರೆ. ನಿಮ್ಮಷ್ಟು ಕೆಟ್ಟದಾಗಿ ಯಾರೂ ಉತ್ತರ ಕೊಡಲ್ಲ. ಹೋಗಿ ಬನ್ನಿ, ಒಪ್ಪಿಗೆ ಬರೀತೀನಿ."

ಹೊರಗೆ ಮೆಟ್ಟಿಲವರೆಗೆ ಬಂದ ಸೆಫಿನಾ ಅಲ್ಲೇ ಕೂತು ಅಳುತ್ತ, ನಗುತ್ತ ಅವನ ತೋಳು ಹಿಡಿದುಕೊಂಡಳು.

"ಏನೇ ಅನ್ನು," ಎಂದ ಡಂಕನ್, "ನಂಗೆ ಮಾರ್ಚ್ ಅಂತಲೇ ನೆನಪು."