ಹತ್ತೊಂಬತ್ತನೆಯವ

ಜೋರ್ನಿತ್ಸಾ ಮತ್ತೆ ತನ್ನ ಜೂಜಿನ ಬಿಲ್ಲೆಗಳನ್ನೆಲ್ಲ ಮೇಜಿನ ನಡುವಿಗೆ ತಳ್ಳಿದಳು. ಅರ್ಧ ಗಂಟೆಯಲ್ಲಿ ಇದು ಏಳನೆಯ ಸಲ. ಸುತ್ತ ಕೂತವರು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಒಬ್ಬೊಬ್ಬರಾಗಿ ಎಲೆ ಬಿಸಾಡಿದರು. ಉತ್ತರ ಹೇಳಬೇಕಾಗಿ ಉಳಿದವನು ಮುದುಕ ಮೆತೋದಿ ಒಬ್ಬನೇ.

ವಾರ್ನಾ ಬಂದರಿನ ಹಿಂದಿನ ಆ ಪೋಕರ್ ಕ್ಲಬ್ಬಿನಲ್ಲಿ ಬೆಳಿಗ್ಗೆ ನೂರರವತ್ತು ಜನ ಆಟಕ್ಕೆ ಕೂತಿದ್ದರು. ಈಗ ಸಂಜೆ ಐದಕ್ಕೆ ಎರಡು ಮೇಜುಗಳಲ್ಲಿ ಹತ್ತೊಂಬತ್ತು ಜನ ಉಳಿದಿದ್ದರು; ಬಹುಮಾನ ಇದ್ದದ್ದು ಹದಿನೆಂಟು ಜನಕ್ಕೆ. ಇನ್ನು ಮೊದಲು ಸೋತು ಆಟದಿಂದ ಬೀಳುವವನಿಗೆ ಕ್ಲಬ್ಬಿನ ಲೆಕ್ಕದಲ್ಲಿ ಒಂದು ಲೋಟ ರಾಕಿಯಾ ಹೆಂಡ, ಅಷ್ಟೇ. ಅವನೊಬ್ಬ ಬಿದ್ದನೆಂದರೆ ಆಮೇಲೆ ಯಾರೇ ಎದ್ದು ಹೋದರೂ ಕಡಿಮೆಯೆಂದರೆ ನಾನೂರು ಲೆವ ಜೇಬಿಗೆ ಬೀಳುತ್ತಿತ್ತು. ಒಂದು ಮೇಜಿನವರು ಬೇಕೆಂತಲೇ ಹೊತ್ತು ಕಳೆದು, ಇನ್ನೊಂದು ಮೇಜಿನವನು ಬೀಳಲಿ ಎಂದು ಕಾಯಬಾರದೆಂದು, ಎರಡೂ ಕಡೆ ಆಟ ಮುಗಿದ ಮೇಲೆಯೇ ಮುಂದಿನ ಎಲೆ ಹಂಚುತ್ತಿದ್ದರು. ಆಡುವುದಕ್ಕಿಂತ ಸುಮ್ಮನೆ ಕೂರುವುದೇ ಹೆಚ್ಚಾಗಿ, ಎಲ್ಲರ ಸೊಂಟವೂ ಸೋತಿತ್ತು.

ಮೆತೋದಿಗೆ ಬೇಕಾಗಿದ್ದದ್ದೂ ಆ ನಾನೂರೇ. ಹೆಂಡತಿ ದೊಬ್ರಿಂಕಾಳ ಕೆಳಗಿನ ಹಲ್ಲುಸೆಟ್ಟು ಈಸ್ಟರಿನ ಹಿಂದಿನ ದಿನ ಪಾತ್ರೆ ತೊಳೆಯುವ ತೊಟ್ಟಿಗೆ ಬಿದ್ದು ಎರಡು ಹೋಳಾಗಿತ್ತು. ಅವತ್ತಿನಿಂದ ಅವಳು ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ಹೊಸದಕ್ಕೆ ಡಾಕ್ಟರು ನಾನೂರು ಹೇಳಿದ್ದ. ಮನೆಯಲ್ಲಿ ನೂರೈವತ್ತಿತ್ತು. ಪಂದ್ಯದ ಶುಲ್ಕವೂ ಅಷ್ಟೇ ಎಂದು ತಿಳಿದು ಅವಳೇ ಅದನ್ನು ಗಂಡನ ಜೇಬಿಗೆ ತುರುಕಿ ಕಳಿಸಿದ್ದಳು.

ಮೆತೋದಿ ತನ್ನ ಎರಡು ಎಲೆಗಳ ಮೂಲೆ ಎತ್ತಿ ನೋಡಿದ. ಆಮೇಲೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಇನ್ನೊಮ್ಮೆ ನೋಡಿದ. ಇಸ್ಪೀಟ್ ರಾಜ, ಆಟೀನ್ ರಾಜ. ಬೆಳಿಗ್ಗೆಯಿಂದ ಅಂಥ ಎಲೆ ಅವನಿಗೆ ಬಂದಿರಲಿಲ್ಲ. ಇಬ್ಬರ ಬಿಲ್ಲೆಗಳೂ ಸಮಸಮ; ತಾನೂ ಎಲ್ಲವನ್ನೂ ತಳ್ಳಿ ಗೆದ್ದರೆ ಬಿಲ್ಲೆಗಳು ಎರಡರಷ್ಟಾಗುತ್ತವೆ. ಮೊದಲ ಬಹುಮಾನದ ಆರು ಸಾವಿರ ಕೈಗೆಟುಕದ ದೂರವೇನಲ್ಲ. ಸೋತರೆ ಹತ್ತೊಂಬತ್ತನೆಯವ ತಾನೇ. ಆ ರಾಕಿಯಾ ಗಂಟಲಲ್ಲಿ ಇಳಿಯುವುದಿಲ್ಲ.

"ಮಾಮ, ಬರ್ತೀರೋ, ಪ್ಯಾಕ್ ಮಾಡ್ತೀರೋ?" ಎಂದಳು ಜೋರ್ನಿತ್ಸಾ, ಸೂರ್ಯಕಾಂತಿ ಬೀಜ ಬಾಯಿಗೆ ಹಾಕಿಕೊಳ್ಳುತ್ತ. ಬಂದರಿನಲ್ಲಿ ಅವನ ಜೊತೆ ಕ್ರೇನ್ ನಡೆಸುತ್ತಿದ್ದ ಗೆಳೆಯನ ಮಗಳು ಅವಳು. ಒಂಬತ್ತು ವರ್ಷದವಳಿದ್ದಾಗ ಅಂಥದೇ ಬೀಜಗಳನ್ನು ಬಿಲ್ಲೆಯಂತೆ ಜೋಡಿಸಿ ಅವಳಿಗೆ ಆಟ ಕಲಿಸಿದವನು ಮೆತೋದಿಯೇ.

"ಅವನನ್ನೇನು ಕೇಳ್ತೀಯಮ್ಮ," ಎಂದ ಪಕ್ಕದಲ್ಲಿದ್ದ ಬೇಕರಿಯ ಪೆನ್ಯೊ. "ಹನ್ನೊಂದು ವರ್ಷದಿಂದ ಹದಿನೆಂಟನೇ ಕುರ್ಚಿಗೆ ಬಾಡಿಗೆ ಕಟ್ಕೊಂಡು ಕೂತಿದ್ದಾನೆ."

ಎಲ್ಲರೂ ನಕ್ಕರು. ಮೆತೋದಿಯೂ ನಕ್ಕ. ನಗುತ್ತಲೇ ಎರಡೂ ರಾಜರನ್ನು ಬೋರಲು ಹಾಕಿ, ಎಲೆ ಹಂಚುವವಳ ಕಡೆ ಬೆರಳಿನಿಂದ ನೂಕಿದ. ಮೇಜಿನ ನಡುವಿನ ಬಿಲ್ಲೆಗಳನ್ನು ಬಾಚಿಕೊಳ್ಳುವ ಮೊದಲು ಜೋರ್ನಿತ್ಸಾ ತನ್ನ ಎಲೆಗಳನ್ನು ಮಗುಚಿ ತೋರಿಸಿದಳು: ಏಳು, ಎರಡು. ಅದಕ್ಕಿಂತ ಕೆಟ್ಟ ಜೋಡಿ ಆ ಆಟದಲ್ಲಿ ಇಲ್ಲ.

ಅಷ್ಟರಲ್ಲಿ ಆಚೆ ಮೇಜಿನಿಂದ ಬೆರಳ ಗೆಣ್ಣುಗಳಿಂದ ಮೇಜು ಬಡಿಯುವ ಸದ್ದು ಕೇಳಿಸಿತು. ರುಸೆ ಊರಿನ ಔಷಧದಂಗಡಿಯವನೊಬ್ಬ ಬಿಳಚಿಕೊಂಡ ಮುಖದಲ್ಲಿ ಎದ್ದು ನಿಂತಿದ್ದ, ಹತ್ತೊಂಬತ್ತನೆಯವನು ಅವನು. ಕ್ಲಬ್ಬಿನ ರೂಢಿಯಂತೆ ಎಲ್ಲರೂ ಅವನಿಗಾಗಿ ಮೇಜು ಬಡಿದರು. ಮೆತೋದಿಯೂ ಬಡಿದ. ಮುಂದಿನ ಆಟದಲ್ಲೇ ಬರಿಯ ಗುಲಾಮ, ಒಂಬತ್ತು ಹಿಡಿದು ತನ್ನದೆಲ್ಲವನ್ನೂ ತಳ್ಳಿದ. ಯಾಕೆಂದು ಅವನಿಗೇ ತಿಳಿಯಲಿಲ್ಲ. ಪೆನ್ಯೊ ಹತ್ತಿರ ಎರಡು ರಾಣಿಯರಿದ್ದರು. ಹೀಗೆ ಈ ಸಲವೂ ಹದಿನೆಂಟನೆಯವನಾಗಿ, ನಾನೂರರ ಲಕೋಟೆ ಹಿಡಿದು, ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತ.

ಆಟಕ್ಕೆ ಬಿಡುವು ಸಿಕ್ಕಾಗ ಜೋರ್ನಿತ್ಸಾ ಬಂದು ಪಕ್ಕದಲ್ಲಿ ಕೂತು ಬೀಜದ ಪೊಟ್ಟಣ ಚಾಚಿದಳು. ಆಗ ಏನಿತ್ತು ಕೈಯಲ್ಲಿ ಎಂದು ಕೇಳಿದಳು. ಏನಿಲ್ಲ, ನಾಲ್ಕೋ ಒಂಬತ್ತೋ ಅಂದ ಮೆತೋದಿ.

"ಸುಳ್ಳು ಹೇಳ್ಬೇಡಿ ಮಾಮ. ನಾಲ್ಕು, ಒಂಬತ್ತು ನೋಡೋಕೆ ನೀವು ಕನ್ನಡಕ ಹಾಕ್ಕೊಳ್ಳಲ್ಲ." ಅವಳು ಸಿಪ್ಪೆ ಉಗಿದಳು. "ಕನ್ನಡಕ ಕಂಡ ಕೂಡ್ಲೆ ನನ್ನ ಕಥೆ ಮುಗೀತು ಅಂದ್ಕೊಂಡೆ. ಎದ್ದು ಹೋಗೋಕೆ ಅಂತ, ಮೇಜಿನ ಕೆಳಗೆ ಚೀಲ ಎಲ್ಲಿಟ್ಟಿದ್ದೀನಿ ಅಂತ ಕಾಲಲ್ಲೇ ಹುಡುಕ್ತಾ ಇದ್ದೆ."

ಮೆತೋದಿ ಪೊಟ್ಟಣದಿಂದ ಒಂದು ಬೀಜ ಆರಿಸಿಕೊಂಡ. ಒಳಗಿನಿಂದ ಆಟದ ಗಂಟೆ ಕೇಳಿಸಿತು. ಅವಳು ಅವನ ಭುಜ ಹಿಡಿದು ಎದ್ದು ಒಳಗೆ ಹೋದಳು.

ಆಮೇಲೆ ಅವನು ಮನೆಗೆ ಫೋನ್ ಮಾಡಿದ. ಏನಾಯಿತು ಎಂದು ಕೇಳಿದಳು ದೊಬ್ರಿಂಕಾ. ಹಲ್ಲಿಲ್ಲದ ಬಾಯಲ್ಲಿ ಅರ್ಧ ಮಾತು ಗಾಳಿಯಾಗಿಯೇ ಹೋಗುತ್ತಿತ್ತು.

"ಆಯ್ತು. ನಾಳೆನೇ ಡಾಕ್ಟರ ಹತ್ರ ಹೋಗೋಣ," ಎಂದ.

"ಹಲ್ಲು ಬರೋದು ನಂಗೆ ತಾನೇ ಮಾರಾಯ," ಎಂದಳು ದೊಬ್ರಿಂಕಾ. "ನೀನ್ಯಾಕೆ ನಿನ್ನ ಹಲ್ಲೆಲ್ಲ ಉದುರಿ ಹೋದ ಹಾಗೆ ಮಾತಾಡ್ತಿದ್ದೀಯ?"